ಎಂಟು ಗಂಟೆಯ ವ್ಯಾನ್

ಏಪ್ರಿಲ್ ಬಂದ್ರೆ ಎಲ್ಲರಿಗೂ ರಜೆ ಬೇಕು. ನಮ್ಮನೇಲಿ ಮಾತ್ರ ರಜೆ ಅಂದ್ರೆ ಭಯ. ತಮ್ಮನಿಗೆ 17 ವರ್ಷ, ಆಟಿಸಂ ಇದೆ. ಸ್ಕೂಲ್ ಇಲ್ಲದಿದ್ರೂ ಬೆಳಿಗ್ಗೆ ಎಂಟಕ್ಕೆ ಬ್ಯಾಗ್ ಹಾಕ್ಕೊಂಡು ಗೇಟ್ ಹತ್ರ ನಿಲ್ತಾನೆ. ವ್ಯಾನ್ ಬರಲ್ಲ. ಕೈ ಕಚ್ಕೊಂಡು ಅಳ್ತಾನೆ.

ಮೇ ತಿಂಗಳಲ್ಲಿ ಎರಡು ದಿನ ಮನೆಗೆ ಹೋಗಿದ್ದೆ. ಬ್ಯಾಗ್ ಸಮೇತ ಅವನನ್ನ ವ್ಯಾನ್ ಹೋಗೋ ದಾರೀಲೇ ಒಂದು ಸುತ್ತು ನಡೆಸಿಕೊಂಡು ಬಂದೆ. ಸುಮ್ಮನಾದ. ಅಮ್ಮ ಅವತ್ತು ಕಾಫೀನ ಬಿಸಿಯಾಗಿರುವಾಗಲೇ ಕುಡಿದಳು.

"ಜೂನ್‌ನಲ್ಲಿ ಸ್ಕೂಲ್ ಶುರುವಾದ್ರೆ ಸರಿಹೋಗುತ್ತೆ" ಅಂದೆ.

"ಬರೋ ವರ್ಷ ಅವನಿಗೆ 18 ತುಂಬುತ್ತಲ್ಲೋ, ಆಮೇಲೆ?" ಅಂದಳು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಇರೋದು 6ರಿಂದ 18 ವರ್ಷದವರೆಗೆ. ನಮಗೆ 18 ಅಂದ್ರೆ ಓಟು, ಲೈಸೆನ್ಸ್. ಅಮ್ಮನಿಗೆ, ಮುಗಿಯದ ಬೇಸಿಗೆ ರಜೆ.