ಕೈಚೀಲವೊಂದೇ ಹಿಡಿದು ಹೊರಟವರ ದಾಡಿ

ಹಿರೇಕೆರೂರಿನ ಬಸ್ಸು ಮೆಕ್ಕೆಜೋಳದ ಹೊಲಗಳನ್ನು ದಾಟಿ ಹಾವೇರಿ ಸೇರುತ್ತದೆ. ಹಾನಗಲ್ಲಿನ ಬಸ್ಸು ಬಂಕಾಪುರದ ಹಳೆಯ ಕೋಟೆಯ ಕಡೆಯಿಂದ ಬಂದು ಹೆದ್ದಾರಿ ಕೂಡುತ್ತದೆ. ಸವಣೂರಿನವರೂ ಶಿಗ್ಗಾವಿಯವರೂ ಅದೇ ಪುಣೆ-ಬೆಂಗಳೂರು ಹೆದ್ದಾರಿ ಹಿಡಿದು ಹುಬ್ಬಳ್ಳಿಯತ್ತ ಸಾಗುತ್ತಾರೆ. ಹಿಂದೆ ಈ ದಾರಿಯವರ ಗುರಿ ಕಾಲೇಜು, ದವಾಖಾನೆ, ಇಲ್ಲವೇ ರೈಲು ನಿಲ್ದಾಣ. ಈಗ ಗೋಕುಲ ರಸ್ತೆಯ ವಿಮಾನ ನಿಲ್ದಾಣವೂ ಆ ಪಟ್ಟಿಗೆ ಸೇರಿದೆ. ನೌಕರಿಯ ಸಂದರ್ಶನಕ್ಕೋ ಕಾಲೇಜಿನ ಪ್ರವೇಶಕ್ಕೋ ಹೊರಟ ಹುಡುಗರು ಹೆಗಲಿಗೊಂದು ಚೀಲ ಹಾಕಿಕೊಂಡು ಮೊದಲ ಬಾರಿಗೆ ವಿಮಾನ ಏರುತ್ತಿದ್ದಾರೆ.

ಒಳಗೆ ಒಯ್ಯುವ ಈ ಚೀಲಕ್ಕೆ ನಮ್ಮ ದೇಶದ ವಿಮಾನಗಳಲ್ಲಿ ಸಾಮಾನ್ಯವಾಗಿ 7 ಕಿಲೋ ಮಿತಿ. ದೊಡ್ಡ ಪೆಟ್ಟಿಗೆಯನ್ನು ವಿಮಾನದ ಹೊಟ್ಟೆಗೆ ಹಾಕದೆ ಕೈಚೀಲದಲ್ಲೇ ಮುಗಿಸಿದರೆ ಸಮಯ ಉಳಿಯುತ್ತದೆ. ಕೈಚೀಲ ಮಾತ್ರ ಒಯ್ಯುವವರಿಗೆ ಅಗ್ಗದ ಟಿಕೆಟ್ಟೂ ಕೆಲವೆಡೆ ಸಿಗುತ್ತದೆ. ಆದರೆ ಆ ಚೀಲದಲ್ಲಿ ಎಲ್ಲವೂ ಹೋಗಲಾರದು. ಅಪ್ಪ ಇಪ್ಪತ್ತು ವರ್ಷ ಬಳಸಿದ ಉಕ್ಕಿನ ರೇಜರನ್ನು ಮಗನ ಕೈಗೆ ಕೊಟ್ಟು ಕಳಿಸಿದರೆ ತಪಾಸಣೆಯ ಮೇಜಿನ ಪಕ್ಕದ ಡಬ್ಬಿಯೇ ಅದರ ಕೊನೆಯ ನಿಲ್ದಾಣವಾಗಬಹುದು. ಮರುದಿನ ಬೆಳಿಗ್ಗೆ ಸಂದರ್ಶನ. ಮುಖದ ಮೇಲೆ ಎರಡು ದಿನದ ಕುರುಚಲು. ಹಾಗಾಗದಂತೆ ಮನೆಯಲ್ಲೇ ಯೋಚಿಸುವುದು ಲೇಸು.

ಹಡಪವೆಂಬ ಹಳೆಯ ಕೈಚೀಲ

ಹಡಪವೆಂದರೆ ಎಲೆಯಡಿಕೆಯ ಸಂಚಿ. ಬಸವಣ್ಣನವರ ಹಡಪ ಹಿಡಿಯುತ್ತಿದ್ದ ಶರಣ ಹಡಪದ ಅಪ್ಪಣ್ಣನವರ ಹೆಸರು ಬಂದದ್ದು ಅದರಿಂದಲೇ. ಕ್ಷೌರಿಕರ ಸಲಕರಣೆಯ ಚೀಲಕ್ಕೂ ಇದೇ ಹೆಸರು. ಕತ್ತಿ, ಸಾಣೆಕಲ್ಲು, ಕತ್ತರಿ, ಕನ್ನಡಿ, ನೀರಿನ ಬಟ್ಟಲು, ಇಷ್ಟು ಹಿಡಿಸುವ ಚೀಲ ಹೆಗಲಿಗೇರಿದರೆ ಅಂಗಡಿಯೇ ಊರೂರು ತಿರುಗಿದಂತೆ. ಹಳ್ಳಿಗಳಲ್ಲಿ ಈ ಕೆಲಸಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಾಳಿನ ಆಯ ಸಲ್ಲುತ್ತಿತ್ತು.

ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದದ್ದು ಹಡಗಿನಲ್ಲಿ. ಆ ಕಾಲದ ಹಡಗಿನ ಪಯಣಿಗರಿಗೆ ರೇಜರಿನ ಚಿಂತೆ ಇರಲಿಲ್ಲ. ಪೆಟ್ಟಿಗೆ ತುಂಬ ಸಾಮಾನು ಒಯ್ಯಬಹುದಿತ್ತು. ಅಷ್ಟರಲ್ಲಿ ಕತ್ತಿಯ ಜಾಗಕ್ಕೆ ತೆಳು ಬ್ಲೇಡೂ ಬಂದಿತ್ತು. ಅಮೆರಿಕದ ಕಿಂಗ್ ಜಿಲೆಟ್, ಬ್ಲೇಡು ಬದಲಿಸುವ ರೇಜರಿಗೆ 1904ರಲ್ಲಿ ಪೇಟೆಂಟ್ ಪಡೆದಿದ್ದ. ಕತ್ತಿ ಮಸೆಯಲು ಬಾರದವನೂ ತನ್ನ ದಾಡಿ ತಾನೇ ಮಾಡಿಕೊಳ್ಳುವಂತಾಯಿತು. ಪ್ರಯಾಣಕ್ಕೆ ಅನುಕೂಲವೆಂದು ಹೆಸರಾದ ಆ ರೇಜರೇ ಇಂದು ವಿಮಾನದ ಬಾಗಿಲಲ್ಲಿ ತಡೆಯಾಗಿರುವುದು ವಿಚಿತ್ರ.

ಯಾವುದು ಒಳಗೆ, ಯಾವುದು ಹೊರಗೆ

2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ವಿಮಾನಗಳ ಅಪಹರಣವಾದ ಮೇಲೆ ಹರಿತವಾದ ವಸ್ತುಗಳ ತಪಾಸಣೆ ಜಗತ್ತಿನೆಲ್ಲೆಡೆ ಬಿಗಿಯಾಯಿತು. ರೇಜರಿನ ವಿಷಯದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬ್ಲೇಡನ್ನು ಬಿಚ್ಚಿ ಕೈಯಲ್ಲಿ ಹಿಡಿಯಲು ಬರುತ್ತದೆಯೇ? ಬರುವುದಾದರೆ ಕೈಚೀಲದಲ್ಲಿ ಬೇಡ. ಬಿಡಿ ಬ್ಲೇಡಿನ ಪೊಟ್ಟಣ, ಬ್ಲೇಡು ಹಾಕಿದ ಉಕ್ಕಿನ ರೇಜರು, ಸಲೂನಿನ ಮಡಿಸುವ ಕತ್ತಿ, ಇವು ಹೊರಗೆ. ಅಂಚು ಮಾತ್ರ ಕಾಣುವಂತೆ ಬ್ಲೇಡನ್ನು ಪ್ಲಾಸ್ಟಿಕ್ಕಿನೊಳಗೆ ಭದ್ರಗೊಳಿಸಿದ ರೇಜರುಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬಳಸಿ ಬಿಸಾಡುವ ರೇಜರು ಈ ಗುಂಪಿನದು. ಬಿಕ್ ಕಂಪನಿ ಇಂಥದನ್ನು 1975ರಲ್ಲಿ ಮಾರುಕಟ್ಟೆಗೆ ತಂದಿತು. ಶಿಗ್ಗಾವಿಯ ಕಿರಾಣಿ ಅಂಗಡಿಯಲ್ಲೂ ಅದು ಸಿಗುತ್ತದೆ, ತೂಕ ಕೆಲವೇ ಗ್ರಾಂ.

ಅಪ್ಪನ ಉಕ್ಕಿನ ರೇಜರನ್ನೇ ಒಯ್ಯುವ ಆಸೆಯಿದ್ದರೆ? ಬ್ಲೇಡು ತೆಗೆದ ಹಿಡಿಕೆಯನ್ನು ಒಯ್ಯಲು ಅಮೆರಿಕದ ನಿಯಮ ಒಪ್ಪುತ್ತದೆ. ಬ್ಲೇಡನ್ನು ಇಳಿದ ಊರಿನಲ್ಲಿ ಕೊಳ್ಳಬಹುದು. ಆದರೆ ಎಲ್ಲಿಯೇ ಆಗಲಿ ಕೊನೆಯ ಮಾತು ತಪಾಸಣೆಯ ಸಿಬ್ಬಂದಿಯದು. ಕಳೆದುಕೊಂಡರೆ ಮನಸ್ಸಿಗೆ ನೋವಾಗುವ ವಸ್ತು ಮನೆಯ ಗೂಡಿನಲ್ಲೇ ಇರುವುದು ಕ್ಷೇಮ.

ಬ್ಲೇಡನ್ನು ಬಟ್ಟೆಯ ಮಡಿಕೆಯಲ್ಲಿ ಅವಿತಿಡುವುದು ವ್ಯರ್ಥ. ಎಕ್ಸ್-ರೇ ಯಂತ್ರದ ಪರದೆಯ ಮೇಲೆ ಬಟ್ಟೆ, ಪುಸ್ತಕ, ರೊಟ್ಟಿಯಂಥ ಸಾವಯವ ವಸ್ತುಗಳು ಕಿತ್ತಳೆ ಬಣ್ಣದಲ್ಲಿಯೂ ಉಕ್ಕು ನೀಲಿಯಲ್ಲಿಯೂ ತೋರುತ್ತವೆ. ಕಿತ್ತಳೆಯ ನಡುವಿನ ನೀಲಿ ಗೆರೆ ಪಳಗಿದ ಕಣ್ಣಿಗೆ ತಟ್ಟನೆ ಬೀಳುತ್ತದೆ.

ಮೂರನೆಯ ದಾರಿ ವಿದ್ಯುತ್ ಶೇವರ್. ಅಮೆರಿಕದ ಜೇಕಬ್ ಶಿಕ್ 1930ರ ಸುಮಾರಿಗೆ ಬಳಕೆಗೆ ತಂದ ಈ ಯಂತ್ರಕ್ಕೆ ಕೈಚೀಲದಲ್ಲಿ ತಡೆಯಿಲ್ಲ. ನೀರೂ ಸಾಬೂನೂ ಬೇಡ. ಚೀಲದೊಳಗೆ ತಾನಾಗಿ ಚಾಲೂ ಆಗದಂತೆ ಗುಂಡಿಯನ್ನು ಭದ್ರ ಮಾಡಬೇಕು. ವಿದೇಶಕ್ಕೆ ಒಯ್ಯುವವರು ಅದರ ಚಾರ್ಜರಿನ ಮೇಲೆ 100-240 ವೋಲ್ಟ್ ಎಂದಿದೆಯೇ ನೋಡಬೇಕು. ನಮ್ಮ ಮನೆಯ ವಿದ್ಯುತ್ತು 230 ವೋಲ್ಟ್, ಅಮೆರಿಕದ್ದು 120.

ಸಾಬೂನು, ನೊರೆ ಮತ್ತು ಬಾಯ್ಲನ ನಿಯಮ

ದ್ರವ ಸ್ಫೋಟಕಗಳಿಂದ ವಿಮಾನಗಳನ್ನು ಉರುಳಿಸುವ ಸಂಚೊಂದು 2006ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿ ಬಯಲಾಯಿತು. ಅಂದಿನಿಂದ ವಿದೇಶ ಪ್ರಯಾಣದ ಕೈಚೀಲದಲ್ಲಿ ದ್ರವ, ಜೆಲ್, ಕ್ರೀಮುಗಳಿಗೆ ತಲಾ 100 ಮಿಲಿಲೀಟರ್ ಮಿತಿ ಬಂತು. ಹೊಸ ಯಂತ್ರ ಬಂದ ಕೆಲವು ನಿಲ್ದಾಣಗಳಲ್ಲಿ ಇದು ಸಡಿಲಗೊಂಡಿದ್ದರೂ ನಡುದಾರಿಯಲ್ಲಿ ವಿಮಾನ ಬದಲಿಸುವ ನಿಲ್ದಾಣ ಒಪ್ಪದಿರಬಹುದು. ಮಿತಿ ಡಬ್ಬಿಯ ಅಳತೆಗೆ, ಒಳಗೆ ಉಳಿದದ್ದಕ್ಕಲ್ಲ. 200 ಮಿಲಿಲೀಟರಿನ ಟ್ಯೂಬಿನಲ್ಲಿ ಚೂರೇ ಕ್ರೀಮು ಇದ್ದರೂ ಅದು ಹೋಗುವಂತಿಲ್ಲ. ದಾಡಿಯ ಗಟ್ಟಿ ಸಾಬೂನಿಗೆ ಈ ಲೆಕ್ಕವೇ ಇಲ್ಲ. ಸಣ್ಣ ಬಿಲ್ಲೆ, ಒಂದು ಬ್ರಷ್ ಇದ್ದರೆ ಸಾಕು. ಒತ್ತಡ ತುಂಬಿದ ನೊರೆಯ ಡಬ್ಬಿಯನ್ನು ಮನೆಯಲ್ಲೇ ಬಿಡುವುದು ಮೇಲು.

ಕ್ರೀಮಿನ ಟ್ಯೂಬು ಒಯ್ಯುವವರು ಮುಚ್ಚಳ ತಿರುಗಿಸುವ ಮೊದಲು ಒಳಗಿನ ಗಾಳಿಯನ್ನು ಹಿಂಡಿ ತೆಗೆಯಬೇಕು. ಹಾರುವ ವಿಮಾನದ ಒಳಗಿನ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಒತ್ತಡ ಇಳಿದರೆ ಗಾಳಿಯ ಗಾತ್ರ ಹೆಚ್ಚುತ್ತದೆ ಎಂದು ಪಠ್ಯದಲ್ಲಿ ಓದುವ ಬಾಯ್ಲನ ನಿಯಮ ಇಲ್ಲಿ ಕಣ್ಣಿಗೆ ಕಾಣುತ್ತದೆ. ಸಮುದ್ರ ಮಟ್ಟದಲ್ಲಿ ಮುಚ್ಚಿದ ಟ್ಯೂಬಿನ ಗಾಳಿ ಅಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಹಿಗ್ಗಿ, ಕ್ರೀಮನ್ನು ಹೊರಗೆ ತಳ್ಳಿ ಬಟ್ಟೆಗೆ ಬಳಿಯುತ್ತದೆ.

ಕ್ರೀಮು ಮರೆತರೂ ಕೆಲಸ ಕೆಡುವುದಿಲ್ಲ. ಕೂದಲಿನ ಕೆರಾಟಿನ್ ಎಂಬ ಪ್ರೋಟೀನು ನೀರು ಹೀರಿ ಮೆತ್ತಗಾಗುತ್ತದೆ. ಬಿಸಿನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಎರಡು ಮೂರು ನಿಮಿಷ ಮುಖಕ್ಕೆ ಒತ್ತಿ, ಸ್ನಾನದ ಸಾಬೂನಿನ ನೊರೆ ಹಚ್ಚಿದರೆ ಅಗ್ಗದ ರೇಜರೂ ಹಗುರಾಗಿ ಓಡುತ್ತದೆ. ಸಣ್ಣ ಗಾಯಕ್ಕೆ ಸಲೂನುಗಳಲ್ಲಿ ಒರೆಸುವ ಪಟಿಕದ ಕಲ್ಲು ಸಾಕು. ಅದರ ಅಲ್ಯೂಮಿನಿಯಂ ಅಂಶ ರಕ್ತದ ಪ್ರೋಟೀನುಗಳನ್ನು ಹೆಪ್ಪುಗಟ್ಟಿಸುತ್ತದೆ. ಅದು ಗಟ್ಟಿ ವಸ್ತುವಾದ್ದರಿಂದ ದ್ರವದ ಮಿತಿ ಅದಕ್ಕಿಲ್ಲ.

ಊರಿನ ಕುರ್ಚಿಯೇ ಸುಲಭ

ಎರಡು ದಿನದ ಪ್ರಯಾಣಕ್ಕೆ ಎಲ್ಲಕ್ಕಿಂತ ಹಗುರಾದ ಉಪಾಯ ಊರಿನಲ್ಲೇ ಇದೆ. ಹಾನಗಲ್ಲಿನ ಬಸ್ ನಿಲ್ದಾಣದ ಬಳಿಯಾಗಲಿ ಹಿರೇಕೆರೂರಿನ ಪೇಟೆಯಲ್ಲಾಗಲಿ ಹೊರಡುವ ಹಿಂದಿನ ಸಂಜೆ ಸಲೂನಿನ ಕುರ್ಚಿಯಲ್ಲಿ ಹತ್ತು ನಿಮಿಷ ಕೂತರೆ ಚೀಲಕ್ಕೆ ಒಂದು ಗ್ರಾಂ ಭಾರವೂ ಸೇರುವುದಿಲ್ಲ. ಹೊಸ ಬ್ಲೇಡು ಹಾಕುವುದನ್ನು ಕಣ್ಣಾರೆ ನೋಡಿಕೊಳ್ಳಬೇಕು, ಅಷ್ಟೇ. ಮಂಗಳವಾರ ಬಹಳಷ್ಟು ಸಲೂನುಗಳಿಗೆ ರಜೆಯೆಂಬುದೂ ನೆನಪಿರಲಿ. ಇಳಿದ ಊರಿನಲ್ಲೂ ಸಲೂನು ಇದ್ದೇ ಇರುತ್ತದೆ; ಆದರೆ ಬೆಳಗಿನ ಒಂಬತ್ತರ ಸಂದರ್ಶನಕ್ಕೆ ಅದನ್ನು ನೆಚ್ಚುವುದು ಜಾಣತನವಲ್ಲ. ಚೀಲದ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ರೇಜರು ಇದ್ದರೆ ಧೈರ್ಯ.

ಗಡ್ಡ ಬಿಡುವುದೂ ಒಂದು ದಾರಿಯೇ. ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರನ್ನು ಚಿತ್ರಗಳಲ್ಲಿ ಗಡ್ಡವಿಲ್ಲದೆ ಊಹಿಸುವುದೂ ಕಷ್ಟ. ಓರಣವಾಗಿ ಕತ್ತರಿಸಿದ ಗಡ್ಡ ಇಂದಿನ ಅನೇಕ ಕಚೇರಿಗಳಲ್ಲಿ ನಡೆಯುತ್ತದೆ. ಆ ನಿರ್ಧಾರ ಹುಡುಗನದೇ ಆಗಿರಲಿ, ತಪಾಸಣೆಯಲ್ಲಿ ರೇಜರು ಕಳೆದುಕೊಂಡ ಕಾರಣಕ್ಕೆ ಆದದ್ದಾಗದಿರಲಿ. ಹೊರಡುವ ಹಿಂದಿನ ರಾತ್ರಿ ತಂದೆ ಮಗ ಕೂತು ಚೀಲವನ್ನೊಮ್ಮೆ ಬಿಚ್ಚಿ ನೋಡಿದರೆ ಐದು ನಿಮಿಷದ ಕೆಲಸ. ಬ್ಲೇಡು ಮನೆಯಲ್ಲಿ, ಸಾಬೂನು ಚೀಲದಲ್ಲಿ, ಅಂಕಪಟ್ಟಿ ಮೇಲಿನ ಖಾನೆಯಲ್ಲಿ.