ಕಾಫಿ ಬೀಜದ ಜಾತಕ

ನಮ್ಮ ಮಲೆನಾಡಿನ ಕಾಫಿ ಬೀಜಕ್ಕೂ ಜಾತಕ ಬರೆಸುವ ಕಾಲ ಬಂತು. ಹುಟ್ಟಿದ ಜಾಗ ಅಕ್ಷಾಂಶ, ರೇಖಾಂಶ ಸಮೇತ ಬೇಕಂತೆ. ತೋಟ ನಾಲ್ಕು ಹೆಕ್ಟೇರಿನ ಒಳಗಿದ್ದರೆ ನಕ್ಷೆಯ ಮೇಲೆ ಒಂದು ಚುಕ್ಕೆ ಸಾಕು, ಮೀರಿದರೆ ಬೇಲಿಯ ಸುತ್ತಳತೆಯನ್ನೇ ಗುರುತಿಸಿ ಕೊಡಬೇಕು. ಜೊತೆಗೆ 2020ರ ಡಿಸೆಂಬರ್ 31ರ ನಂತರ ಆ ಜಾಗದಲ್ಲಿ ಕಾಡು ಕಡಿದಿಲ್ಲ ಎಂಬುದಕ್ಕೆ ಆಧಾರ ಇರಬೇಕು. ಇಷ್ಟೆಲ್ಲ ಕೇಳುತ್ತಿರುವ ಬೀಗರು ಯಾರೆಂದರೆ ಯುರೋಪಿಯನ್ ಒಕ್ಕೂಟದವರು.

ಅವರ ಕಾನೂನು 2023ರಲ್ಲಿ ಬಂತು. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ, ಈ ಏಳೂ ಕಾಡು ಕಡಿದ ನೆಲದಿಂದ ಬಂದಿದ್ದರೆ ನಮ್ಮ ಮಾರುಕಟ್ಟೆಗೆ ಬೇಡ ಎಂಬುದು ಅದರ ಸಾರ. 2024ರ ಕೊನೆಗೆ ಜಾರಿಯಾಗಬೇಕಿತ್ತು. ಮುಹೂರ್ತ 2025ಕ್ಕೆ ಹೋಯಿತು, ಅಲ್ಲಿಂದ 2026ರ ಡಿಸೆಂಬರಿಗೆ ಹೋಯಿತು. ಸರ್ಕಾರಿ ಕೆಲಸ ಮುಂದೂಡುವುದು ನಮ್ಮ ದೇಶದ ಸ್ವತ್ತು ಎಂದುಕೊಂಡಿದ್ದವರಿಗೆ ಕೊಂಚ ಸಮಾಧಾನವಾಗಿರಬಹುದು.

ಮುಂದೂಡಿದರೂ ನಾವು ಉದಾಸೀನ ಮಾಡುವ ಹಾಗಿಲ್ಲ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ಕರ್ನಾಟಕದ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಬೆಳೆದದ್ದರಲ್ಲಿ ಬಹುಪಾಲು ಹಡಗು ಹತ್ತುತ್ತದೆ, ಇಟಲಿಯೇ ದೊಡ್ಡ ಗಿರಾಕಿ. ಬೆಂಗಳೂರಿನ ದರ್ಶಿನಿಗಳ ಮುಂದೆ ನಿಂತು ಲೋಟ ಹಿಡಿದವರನ್ನೆಲ್ಲ ಲೆಕ್ಕ ಹಾಕಿದರೂ ನಾವು ಕುಡಿದು ಮುಗಿಸುವುದು ಕಡಿಮೆಯೇ.

ಮೂಡಿಗೆರೆ ಕಡೆಯ ನಮ್ಮ ಭಾವನಿಗೆ ಫೋನು ಮಾಡಿ, "ಭಾವ, ನಿಮ್ಮ ತೋಟದ ಚುಕ್ಕೆ ಇಟ್ಟಾಯ್ತಾ?" ಎಂದು ವಿಚಾರಿಸಿದೆ.

"ಚುಕ್ಕೆ ಇಡೋದೇನು ಕಷ್ಟ ಮಾರಾಯ? ಮೊಬೈಲು ಹಿಡ್ಕೊಂಡು ತೋಟದ ಮಧ್ಯೆ ನಿಂತ್ರೆ ಆಯ್ತು. ಪಹಣೀಲಿ ಇನ್ನೂ ಅಜ್ಜನ ಹೆಸರೇ ಇದೆ, ಪೋಡಿ ಆಗಿಲ್ಲ. ಈ ತೋಟ ಎಲ್ಲಿದೆ ಅಂತ ಉಪಗ್ರಹಕ್ಕೆ ಗೊತ್ತು, ಯಾರದು ಅಂತ ತಾಲ್ಲೂಕು ಕಚೇರಿಗೇ ಗೊತ್ತಿಲ್ಲ."

ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆದರೂ ಇಟಲಿಗೆ ಕಾಫಿ ಕಳಿಸುವ ಲೆಕ್ಕದಲ್ಲಿ ಅವರೇ ಮುಂದೆ ನಿಲ್ಲಬೇಕು.

ಹಿಂದೆ ಈ ರಗಳೆ ಇರಲಿಲ್ಲ. 1942ರ ಕಾಫಿ ಕಾಯ್ದೆಯ ಕಾಲದಿಂದ 1990ರ ದಶಕದವರೆಗೆ ಬೆಳೆಗಾರ ಬೆಳೆದದ್ದನ್ನು ಕಾಫಿ ಮಂಡಳಿಯ ಪೂಲಿಗೆ ಸುರಿದು ಬಂದರೆ ಮುಗಿಯಿತು. ಯಾರ ಬೀಜ ಯಾರ ಬೀಜದ ಜೊತೆ ಸೇರಿತು, ಕೊನೆಗೆ ಯಾರ ಲೋಟಕ್ಕೆ ಬಿತ್ತು ಎಂದು ಕೇಳುವವರೇ ಇರಲಿಲ್ಲ. ಈಗಲೂ ಸಣ್ಣ ಹಿಡುವಳಿದಾರರ ಚೆರಿ, ಪಾರ್ಚ್‌ಮೆಂಟ್ ಮೂಟೆಗಳು ಊರಿನ ವ್ಯಾಪಾರಿಯ ಗೋದಾಮಿನಲ್ಲಿ ಒಟ್ಟಾಗಿ, ಹಾಸನದ್ದೋ ಕುಶಾಲನಗರದ್ದೋ ಕ್ಯೂರಿಂಗ್ ವರ್ಕ್ಸಿಗೆ ಹೋಗಿ ಒಂದೇ ರಾಶಿಯಾಗುತ್ತವೆ. ಹೊಸ ಕಾನೂನು ಒಪ್ಪದಿರುವುದು ಇದನ್ನೇ. ರಾಶಿಯಲ್ಲಿ ಮೂಲ ಗೊತ್ತಿಲ್ಲದ ಒಂದು ಮೂಟೆ ಸೇರಿದರೂ ಇಡೀ ರಾಶಿಗೆ ಮೈಲಿಗೆ. ನೂರಾರು ಎಕರೆಯ ಎಸ್ಟೇಟಿನವರು ರೈಟರಿಗೆ ಹೇಳಿ ಕಂಪ್ಯೂಟರಿನಲ್ಲಿ ದಾಖಲೆ ಮಾಡಿಸಿಟ್ಟುಕೊಳ್ಳುತ್ತಾರೆ. ಮೂರು ಎಕರೆಯವನು ಏನು ಮಾಡಬೇಕು? ನಮ್ಮ ಬೆಳೆಗಾರರಲ್ಲಿ ಅಂಥವರೇ ಹೆಚ್ಚು.

ಇನ್ನು ಉಪಗ್ರಹದ ಕಥೆ. ಬ್ರೆಜಿಲ್ಲಿನ ಕಾಫಿ ಹೆಚ್ಚಾಗಿ ಬಟಾಬಯಲಿನಲ್ಲಿ ಬೆಳೆಯುತ್ತದೆ, ನಮ್ಮದು ನೆರಳಲ್ಲಿ. ಬೀಟೆ, ಹೊನ್ನೆ, ನಂದಿ, ಹಲಸು, ಅತ್ತಿ, ಬಸರಿಗಳ ಕೆಳಗೆ ಕಾಫಿ ಗಿಡ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮೇಲೆ ಹಾರ್ನ್‌ಬಿಲ್, ಕೆಳಗೆ ಆಗಾಗ ಆನೆ. ಆಕಾಶದಿಂದ ನೋಡಿದರೆ ಥೇಟು ಕಾಡು. ಹೀಗಿರುವಾಗ ಮಳೆಗಾಲಕ್ಕೆ ಮುಂಚೆ ಕೊಂಬೆ ಸವರಿಸಿ ಮರಗಸಿ ಮಾಡಿಸಿದರೆ, ಮಗಳ ಮದುವೆಗೆಂದು ನಾಲ್ಕು ಸಿಲ್ವರ್ ಮರ ಕಡಿಸಿದರೆ, ಮೇಲಿನಿಂದ ನೋಡುವ ಕಣ್ಣಿಗೆ ಕಾಡು ಸವರಿದ ಹಾಗೆ ಕಂಡೀತು ಎಂಬುದು ಬೆಳೆಗಾರರ ಭಯ. ಕೃಷಿ ಮಾಡುವ ನೆಲ ಕಾಡಲ್ಲ ಎಂದು ಕಾನೂನಿನಲ್ಲೇ ಬರೆದಿದೆ, ನಿಜ. ಆದರೆ ಚಿತ್ರ ನೋಡಿ ತೀರ್ಮಾನಿಸುವವನು ಬ್ರಸೆಲ್ಸ್‌ನಲ್ಲಿ ಕೂತಿರುತ್ತಾನೆ, ಬಾಳೆಹೊನ್ನೂರಿನಲ್ಲಲ್ಲ. ಸಾವಿರ ಮರ ಉಳಿಸಿಕೊಂಡವನೇ ಸಾಕ್ಷಿ ಹೇಳಬೇಕು, ಬಯಲಲ್ಲಿ ಬೆಳೆದವನಿಗೆ ಆ ತಾಪತ್ರಯ ಕಡಿಮೆ. ಇದೆಂಥ ನ್ಯಾಯವೋ!

ಸಿಲ್ವರ್ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಮೆಣಸು ಹಬ್ಬಿಸಲು ಅನುಕೂಲ. ಅದಕ್ಕಿಂತ ದೊಡ್ಡ ಅನುಕೂಲ ಇರುವುದು ನಮ್ಮದೇ ರಾಜ್ಯದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ. ಅಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಿದೆ, ಅದರಲ್ಲಿ ಸಿಲ್ವರ್ ಓಕ್ ಇದೆ. ನಮ್ಮ ನೆಲದ ಬೀಟೆಯನ್ನು ತನ್ನ ತೋಟದಲ್ಲಿ ತಾನೇ ಬೆಳೆಸಿದ್ದರೂ ಅರ್ಜಿ, ಪರಿಶೀಲನೆ, ಅಳತೆ, ಮತ್ತೆ ಅರ್ಜಿ. ಕಾಯ್ದೆ ಮಾಡಿದವರ ಉದ್ದೇಶ ಒಳ್ಳೆಯದೇ, ಬೀಟೆ ಉಳಿಯಲಿ ಎಂದೇ ಮಾಡಿದ್ದು. ಫಲ ಮಾತ್ರ ಬೇರೆಯಾಯಿತು: ಹೊಸದಾಗಿ ಬೀಟೆ ನೆಡುವ ಹುಚ್ಚು ಯಾರಿಗೂ ಬರಲಿಲ್ಲ, ತಾನಾಗಿ ಹುಟ್ಟಿದ ಸಸಿಯನ್ನೂ ಕಳೆಯ ಜೊತೆ ಸವರಿ ಬಿಡುವುದೇ ಕ್ಷೇಮ ಎಂದಾಯಿತು. ಹೀಗೆ ಮರ ಕಡಿಮೆಯಾಗಿ ನೆರಳು ತೆಳುವಾದರೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟ ಹೆಚ್ಚು. ಕಾಟ ತಾಳಲಾರದೆ ಕೆಲವರು ರೋಬಸ್ಟಾಕ್ಕೆ ಬದಲಾಯಿಸಿದರು. ರೋಬಸ್ಟಾಕ್ಕೆ ಅಷ್ಟು ನೆರಳು ಬೇಡವಲ್ಲ, ಇನ್ನಷ್ಟು ಮರ ಹೋದವು. ಇದರಲ್ಲಿ ಯುರೋಪಿನವರ ಕೈವಾಡ ಏನೂ ಇಲ್ಲ.

ಹಾಗೆಂದು ಅವರನ್ನು ಬೈಯಲು ಕಾರಣವಿಲ್ಲವೆಂದಲ್ಲ. 19ನೆಯ ಶತಮಾನದಲ್ಲಿ ಮಂಜರಾಬಾದಿನ ಕಾಡು ಸವರಿ ಕಾಫಿ ಹಾಕಿದವರಲ್ಲಿ ಬ್ರಿಟಿಷ್ ದೊರೆಗಳೂ ಇದ್ದರು, ಆ ಕಾಫಿ ಹೋದದ್ದು ಅದೇ ಯುರೋಪಿಗೆ. ಲೆಕ್ಕ ಶುರುವಾಗುವುದು ಮಾತ್ರ 2020ರಿಂದ. ಸಾಲ ಮಾಡಿದವನೇ ವಾಯಿದೆ ಗೊತ್ತು ಮಾಡಿದಂತಾಯಿತು.

ಪರಿಸರದ ಹೆಸರಿನಲ್ಲಿ ಬಾಗಿಲು ಹಾಕುವ ಪರಿಪಾಠ ಹೊಸದೂ ಅಲ್ಲ. 1990ರ ದಶಕದಲ್ಲಿ ಅಮೆರಿಕ, ಕಡಲಾಮೆ ತಪ್ಪಿಸಿಕೊಳ್ಳಲು ಕಿಂಡಿಯಿಲ್ಲದ ಬಲೆಯಲ್ಲಿ ಹಿಡಿದ ಸಿಗಡಿ ಬೇಡ ಎಂದಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಕೂಡಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. (ಭಾರತ, ಪಾಕಿಸ್ತಾನ ಒಂದೇ ಅರ್ಜಿಗೆ ಸೇರಿದ್ದನ್ನು ಆಮೆಯ ಪವಾಡವೆಂದೇ ಹೇಳಬೇಕು.) 1998ರಲ್ಲಿ ತೀರ್ಪು ಬಂತು: ಆಮೆ ಉಳಿಸುವ ಉದ್ದೇಶ ಸರಿ, ದೇಶದೇಶಗಳ ನಡುವೆ ಭೇದ ಮಾಡಿದ ರೀತಿ ಸರಿಯಲ್ಲ. ನಾವು ಗೆದ್ದೆವೆಂದು ಹಿಗ್ಗಿದೆವು, ಬಲೆಗೆ ಕಿಂಡಿ ಇಡುವುದನ್ನು ಮರೆತೆವು. 2019ರಲ್ಲಿ ಅಮೆರಿಕ ನಮ್ಮ ಕಡಲ ಸಿಗಡಿಯನ್ನು ಅದೇ ಕಾರಣಕ್ಕೆ ಮತ್ತೆ ನಿಲ್ಲಿಸಿತು.

ಹೊರಗಿನವರು ಏನೂ ಕೇಳದಿದ್ದಾಗ ನಾವು ಹೇಗೆ ನಡೆದುಕೊಂಡೆವು ಎಂಬುದಕ್ಕೆ ಬಳ್ಳಾರಿಗಿಂತ ಬೇರೆ ಸಾಕ್ಷಿ ಬೇಡ. ಅಲ್ಲಿಯ ಕಬ್ಬಿಣದ ಅದಿರು ಕೊಂಡ ಚೀನಾ, ಅದು ಎಲ್ಲಿಂದ ಬಂತೆಂದು ಕೇಳಲಿಲ್ಲ. 2009ರವರೆಗೆ ಅತ್ಯುತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ ರಾಜಧನ, ಬಂದರಿನಲ್ಲಿ ಅದೇ ಟನ್ನಿಗೆ ಸಾವಿರಾರು ರೂಪಾಯಿ. ಸಂಡೂರಿನ ಗುಡ್ಡ ಕರಗುವಾಗ ರಫ್ತು ಅಂಕಿ ಏರಿತೆಂದು ಸಂತೋಷಪಟ್ಟವರಿಗೆ ಬರವಿರಲಿಲ್ಲ. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು, 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ವಾಣಿಜ್ಯ ನೀತಿ ಬರೆಯುವವರ ಮೇಜಿನ ಮೇಲೆ ಮೊದಲೇ ಇರಬೇಕಿದ್ದ ಕಡತ, ಗುಡ್ಡ ಕರಗಿದ ಮೇಲೆ ನ್ಯಾಯಾಲಯದ ಮೇಜಿಗೆ ಬಂತು.

ಆದ್ದರಿಂದ ಬ್ರಸೆಲ್ಸಿನ ಪ್ರಶ್ನೆ ಒರಟಾಗಿದ್ದರೂ ನನಗೆ ಅದರ ಮೇಲೆ ಪೂರ್ತಿ ಸಿಟ್ಟಿಲ್ಲ. 2025ರ ಮೇ ತಿಂಗಳಲ್ಲಿ ಅವರು ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದ್ದಾರೆ, ತಪಾಸಣೆ ಹಗುರವಾಗುತ್ತದೆ. ಆದರೂ ಚುಕ್ಕೆ ಇಡುವುದು ತಪ್ಪದು. ಕಾಫಿ ಮಂಡಳಿ ಮೊಬೈಲಿನಲ್ಲೇ ಬೆಳೆಗಾರರ ನೋಂದಣಿಗೆ ಹೊರಟಿದೆ, ಒಳ್ಳೆಯದು. ನನ್ನ ತಕರಾರು ಒಂದೇ. ಅವರು ಕೇಳುವುದು ಕಾಡು ಕಡಿದೆಯಾ ಎಂದಷ್ಟೇ. ಕಡಿಯದೆ ಉಳಿಸಿಕೊಂಡವನಿಗೆ ಕೊಡುವುದೇನು ಎಂದು ಅವರೂ ಹೇಳುವುದಿಲ್ಲ, ನಮ್ಮವರೂ ಹೇಳುವುದಿಲ್ಲ. ಕಾಫಿ ದೆಹಲಿಯ ವಾಣಿಜ್ಯ ಸಚಿವಾಲಯದ್ದು, ಮರ ಅರಣ್ಯ ಇಲಾಖೆಯದ್ದು, ಪಹಣಿ ಕಂದಾಯ ಇಲಾಖೆಯದ್ದು. ತೋಟ ಮಾತ್ರ ಒಂದೇ.

ವಿಧಾನಸೌಧದವರು ಮೂರು ಕೆಲಸ ಮಾಡಲಿ. ಮೂರು ಎಕರೆಯವನ ಪೋಡಿ, ಪೌತಿ ಖಾತೆ ಮುಗಿಸಿಕೊಡಲಿ. ಬೀಟೆ, ಹೊನ್ನೆ ನೆಟ್ಟವನಿಗೆ ಅದು ಅವನದೇ ಮರವೆಂದು ಕಾಗದದಲ್ಲಿ ಬರೆದುಕೊಡಲಿ. ನೆಟ್ಟು ಉಳಿಸಿದ ಪ್ರತಿ ಮರಕ್ಕೂ ಇಷ್ಟೆಂದು ಬಜೆಟ್ಟಿನಲ್ಲಿ ಹಣ ಇಡಲಿ. ಬ್ರಸೆಲ್ಸ್ ಇನ್ನೊಂದು ಸಲ ಮುಂದೂಡೀತೆಂದು ಕಾಯುತ್ತ ಕೂರುವುದು ಬೇಡ.