ಬಾನೆಟ್ ಮೇಲಿನ ಬಿಳಿ ಕಲೆ

ಬೋರ್‌ವೆಲ್ ನೀರಲ್ಲಿ ಕಾರು ತೊಳೆಯುವವರಿಗೆ ಒಂದು ಮಾತು. ತೊಳೆದು ಬಿಸಿಲಿಗೆ ಬಿಟ್ಟರೆ ಕಪ್ಪು ಬಾನೆಟ್ ಮೇಲೆ ಬೆಳ್ಳಗೆ ಉಂಗುರ ಉಂಗುರವಾಗಿ ಕಲೆ ಏಳುತ್ತವಲ್ಲ, ಅದು ಸೋಪು ಉಳಿದದ್ದಲ್ಲ. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲೇ ಕೂರುತ್ತವೆ. ನಲ್ಲಿಯ ಮೂತಿಗೆ ಕಟ್ಟುವ ಬಿಳಿ ಪದರವೂ ಇದೇ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ ಎನ್ನುತ್ತದೆ ಭಾರತೀಯ ಮಾನಕ. ಬೆಂಗಳೂರು, ಕೋಲಾರದ ಕಡೆಯ ಎಷ್ಟೋ ಬೋರ್‌ವೆಲ್‌ಗಳು ಅದನ್ನು ದಾಟಿವೆ.

ಹಾಗಾಗಿ ನೀರು ತಾನಾಗಿ ಆರಲು ಬಿಡಲೇಬಾರದು. ನೆರಳಲ್ಲಿ, ಬಾನೆಟ್ ತಣ್ಣಗಾದ ಮೇಲೆ ತೊಳೆಯಿರಿ. ಕೊನೆಯ ಸಲ ಪೈಪಿನ ಬಾಯಿ ಒತ್ತಿ ಚಿಮ್ಮಿಸದೆ, ಟಾಪಿನಿಂದ ಮೆಲ್ಲಗೆ ಹರಿಯಬಿಡಿ. ಒಟ್ಟಾಗಿ ಇಳಿಯುವ ನೀರು ಬಿಡಿ ಹನಿಗಳನ್ನೂ ಎಳೆದುಕೊಂಡು ಹೋಗುತ್ತದೆ. ಆಮೇಲೆ ದಪ್ಪನೆಯ ಮೈಕ್ರೋಫೈಬರ್ ಬಟ್ಟೆಯನ್ನು ಅಗಲವಾಗಿ ಹಾಸಿ, ನಿಧಾನಕ್ಕೆ ನಿಮ್ಮ ಕಡೆಗೆ ಎಳೆಯಿರಿ. ಗಸಗಸ ಉಜ್ಜಿದರೆ ಗೀರು ಬೀಳುತ್ತವೆ. ಹಳೇ ಬನಿಯನ್ನು ದಯವಿಟ್ಟು ಬೇಡ. ಎಲ್ಲ ಒರೆಸಿದ ಮೇಲೂ ಸೈಡ್ ಮಿರರ್ ಒಳಗಿಂದ, ಡೋರ್ ಹ್ಯಾಂಡಲ್ ಸಂದಿಯಿಂದ ನೀರು ಜಿನುಗುತ್ತಲೇ ಇರುತ್ತದೆ. ಬಾಗಿಲು ಒಮ್ಮೆ ತೆಗೆದು ಹಾಕಿ, ಒಂದು ರೌಂಡ್ ಓಡಿಸಿಕೊಂಡು ಬಂದು ಅಲ್ಲಿ ಮತ್ತೆ ಒರೆಸಿ.

ಆಗಲೇ ಕಲೆ ಕೂತಿದ್ದರೆ ವಿನೆಗರ್‌ಗೆ ಸಮ ನೀರು ಬೆರೆಸಿ ಒರೆಸಿ, ಕೂಡಲೇ ತೊಳೆದುಬಿಡಿ. ತಿಂಗಳುಗಟ್ಟಲೆ ಬಿಟ್ಟ ಕಲೆ ಪೇಂಟಿನ ಮೇಲ್ಪದರವನ್ನೇ ತಿಂದಿದ್ದರೆ ಪಾಲಿಶ್ ಮಾಡಿಸದೆ ಬೇರೆ ದಾರಿಯಿಲ್ಲ.